7.148 ಮೆಗಾಹರ್ಟ್ಸ್‌ನಲ್ಲಿ ಯಾರೂ ಇರಲಿಲ್ಲ, ಆದ್ರೂ ಬೈಸಿಕೊಂಡೆ. ತಪ್ಪು ನಂದಾ?

ಹೊಸಕಿವಿ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ) ರೇಡಿಯೋ ಲೈಸೆನ್ಸ್ ಸಿಕ್ಕಿ ನಾಲ್ಕು ತಿಂಗಳಾಯ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ 100 ವಾಟ್‌ನ ರಿಗ್ (ರೇಡಿಯೋ ಸೆಟ್), 40 ಮೀಟರ್ ಬ್ಯಾಂಡ್‌ಗೆ (7.000ದಿಂದ 7.200 ಮೆಗಾಹರ್ಟ್ಸ್) ಕಟ್ಟಿದ ಇನ್ವರ್ಟೆಡ್ ವೀ ಆಂಟೆನಾ, ನನ್ನ ಹತ್ರ ಇರೋದು ಇಷ್ಟೇ. ನಿನ್ನೆ ನಡೆದದ್ದನ್ನ ಇದ್ದ ಹಾಗೇ ಹೇಳ್ತೀನಿ, ನೀವೇ ತೀರ್ಮಾನ ಮಾಡಿ.

ಸಂಜೆ ಏಳೂವರೆ. ಬ್ಯಾಂಡ್ ಸಂತೆ ಥರ ಗಿಜಿಗುಡ್ತಿತ್ತು. 7.125ರಿಂದ ಮೇಲಕ್ಕೆ ಡಯಲ್ ತಿರುಗಿಸ್ತಾ ಬಂದೆ, ಎಲ್ಲೂ ಕಾಲಿಡೋಕೆ ಜಾಗ ಇಲ್ಲ. 7.148ಕ್ಕೆ ಬಂದಾಗ ಮಾತು ಕೇಳಿಸಲಿಲ್ಲ. ಗಡಿಯಾರ ನೋಡಿಕೊಂಡು ಎರಡು ನಿಮಿಷ ಸುಮ್ಮನೆ ಕೂತೆ. ಅಡಿಯಲ್ಲಿ ಎಲ್ಲೋ ಗುಡುಗುಡು ಅಂತ ಒಂದು ಸದ್ದಿತ್ತು, ಸ್ವಲ್ಪ ಹೊತ್ತು ಬರೋದು, ನಿಲ್ಲೋದು, ಮತ್ತೆ ಬರೋದು. ಯಾವುದೋ ಸ್ವಿಚಿಂಗ್ ಸಪ್ಲೈ ಗಲಾಟೆ ಅಂದುಕೊಂಡೆ. ಅದು ನಿಂತಿದ್ದಾಗ "ಈ ಫ್ರೀಕ್ವೆನ್ಸಿ ಬಳಕೆಯಲ್ಲಿದೆಯಾ?" ಅಂತ ಒಂದು ಸಲ ಕೇಳಿದೆ. ಉತ್ತರ ಇಲ್ಲ. ಸಿಕ್ಯೂ (ಯಾರಾದರೂ ಮಾತಾಡ್ತೀರಾ ಅನ್ನೋ ಕರೆ) ಕರೆದೆ. ಎರಡನೇ ಸಿಕ್ಯೂ ಮುಗಿಯೋಕೂ ಒಬ್ಬರು ಸಿಗ್ನಲ್ ಮೀಟರ್ ಮುಳ್ಳು ಎಸ್9 (ಬಲವಾದ ಸಿಗ್ನಲ್) ದಾಟಿಸಿಕೊಂಡು ಬಂದು, "ಕಿವಿ ಇಲ್ವೇನ್ರೀ ನಿಮಗೆ? ಅರ್ಧ ಗಂಟೆಯಿಂದ ಇಲ್ಲಿ ಮಾತಾಡ್ತಿದ್ದೀವಿ. ಐದು ಕಿಲೋಹರ್ಟ್ಸ್ ಅಗಲಕ್ಕೆ ಚೆಲ್ಲಾಡ್ತಿದ್ದೀರ, ಮೊದಲು ರಿಗ್ ಸರಿ ಮಾಡಿಕೊಳ್ಳಿ" ಅಂದರು. ಕಾಲ್‌ಸೈನ್ (ಲೈಸೆನ್ಸಿನ ಜೊತೆ ಸಿಗೋ ಗುರುತಿನ ಹೆಸರು) ಕೂಡ ಹೇಳಲಿಲ್ಲ. ಕೈ ನಡುಗಿ ರಿಗ್ ಆಫ್ ಮಾಡಿದೆ.

ಫ್ರೀಕ್ವೆನ್ಸಿ ಯಾರಪ್ಪನ ಸೊತ್ತೂ ಅಲ್ಲ ಅಂತ ಪರೀಕ್ಷೆಗೆ ಓದಿದ್ದೆ. ಎರಡು ನಿಮಿಷ ಕೇಳಿದ್ದೀನಿ, ಕೇಳಿ ಕರೆದಿದ್ದೀನಿ. ಇನ್ನೇನು ಮಾಡಬೇಕಿತ್ತು? ಹೋಗೋದಾದ್ರೂ ಎಲ್ಲಿಗೆ? ಕೆಳಗೆ 7.074ರಲ್ಲಿ ಕಂಪ್ಯೂಟರ್‌ನಿಂದ ಸಂದೇಶ ಕಳಿಸೋರ ಎಫ್‌ಟಿ8 ಕೀಚಲು, 7.200 ದಾಟಿದರೆ ಬ್ರಾಡ್‌ಕಾಸ್ಟ್‌ನವರ ಅಬ್ಬರ, ಶನಿವಾರ ಭಾನುವಾರ ಬಂದ್ರೆ ಕಾಂಟೆಸ್ಟ್. ಹೊಸಬರು ಮೈಕ್ ಮುಟ್ಟಲೇಬಾರದಾ?


ಹಳೇಕೀ ಬರೆದಿದ್ದಾರೆ:

ಓಎಂ (ಹ್ಯಾಮ್‌ಗಳು ಒಬ್ಬರನ್ನೊಬ್ಬರು ಕರೆಯೋದು ಹೀಗೆ), ಮೊದಲು ಒಂದು ಮಾತು. ಕಾಲ್‌ಸೈನ್ ಹೇಳದೆ ಬೈದವರು ನಿಯಮ ಮುರಿದಿದ್ದಾರೆ. ಆ ಲೆಕ್ಕ ಅಲ್ಲಿಗೇ ಬಿಡಿ, ಯಾಕಂದ್ರೆ ಬೈಗುಳದ ಒಳಗೆ ಅವರು ಹೇಳಿದ ಎರಡೂ ವಿಷಯ ಬಹುಶಃ ನಿಜ.

ನಿಮ್ಮ ಬರಹದಲ್ಲಿ ನನ್ನ ಕಣ್ಣು ನಿಂತದ್ದು ಆ ಗುಡುಗುಡು ಮೇಲೆ. ಸಪ್ಲೈ ಗಲಾಟೆ ಹಾಗೆ ಸರದಿ ಮೇಲೆ ಬಂದು ಹೋಗಲ್ಲ, ಅದು ಗುಂಯ್ ಅಂತ ಒಂದೇ ಸಮ ಇರುತ್ತೆ. ನಿಲ್ಲುವುದು, ಮತ್ತೆ ಶುರುವಾಗುವುದು ಮನುಷ್ಯರ ಅಭ್ಯಾಸ. ನೀವು ಕೇಳಿದ್ದು ಒಬ್ಬ ಮನುಷ್ಯನ ಮಾತಿನ ಬಾಲ.

ಪೆನ್ನು ಹಾಳೆ ತಗೊಳ್ಳಿ. ಅವರು ಇದ್ದದ್ದು 7.150ರಲ್ಲಿ ಅಂತ ಇಟ್ಟುಕೊಳ್ಳೋಣ. 40 ಮೀಟರ್‌ನಲ್ಲಿ ನಾವು ಬಳಸೋದು ಎಲ್‌ಎಸ್‌ಬಿ (ಲೋವರ್ ಸೈಡ್‌ಬ್ಯಾಂಡ್), ಅಂದ್ರೆ ಡಯಲ್‌ನಲ್ಲಿ ಕಾಣೋ ಅಂಕಿಯಿಂದ ಕೆಳಕ್ಕೆ ಮಾತು ಇಳಿಬಿದ್ದಿರುತ್ತೆ. ಮಾತಿನ 300ರಿಂದ 2700 ಹರ್ಟ್ಸ್ ಲೆಕ್ಕ ಹಿಡಿದರೆ ಅವರ ಸಿಗ್ನಲ್ 7.1473ರಿಂದ 7.1497ರವರೆಗೆ. ನೀವು 7.148ರಲ್ಲಿ ಕೂತರೆ ನಿಮ್ಮದು 7.1453ರಿಂದ 7.1477. ಇಬ್ಬರದೂ ಒಂದರ ಮೇಲೊಂದು ಬೀಳೋ ಪಟ್ಟಿ ಬರೀ 400 ಹರ್ಟ್ಸ್. ಇಷ್ಟಕ್ಕೇ ಯಾಕೆ ರಂಪ ಅನ್ನಿಸಬಹುದು. ರಂಪಕ್ಕೆ ಕಾರಣ ಇದೆ.

ಆ 400 ಹರ್ಟ್ಸ್ ಒಳಗೆ ಬೀಳೋದು ಅವರ ದನಿಯ ತುತ್ತತುದಿ, 2300ರಿಂದ 2700ರ ಭಾಗ. 'ಸ', 'ಶ' ಅನ್ನುವಾಗಿನ ಸಿಳ್ಳು, ಅದರಲ್ಲಿ ಬಲವೇ ಇರಲ್ಲ. ನಿಮ್ಮ ರಿಗ್ ಅದನ್ನ 300-700ಕ್ಕೆ ಇಳಿಸಿ ಕೊಡುತ್ತೆ, ನಿಮಗದು ಗುಡುಗುಡು. ಆದರೆ ಅದೇ ಪಟ್ಟಿಯಲ್ಲಿ ನಿಮ್ಮ ಕಡೆಯಿಂದ ಬೀಳೋದು ದನಿಯ ಬುಡ, 300ರಿಂದ 700. ಗಂಟಲಿನ ದಮ್ಮೆಲ್ಲ ಇರೋದು ಅಲ್ಲೇ. ಅದು ಅವರ ಸ್ಪೀಕರ್‌ನಲ್ಲಿ 2300ಕ್ಕೆ ಏರಿ ಇಲಿ ಕಿರುಚಿದ ಹಾಗೆ ಕೇಳುತ್ತೆ. ನಿಮಗೆ ಅವರು ಹೆಚ್ಚುಕಮ್ಮಿ ಇಲ್ಲ, ಅವರಿಗೆ ನೀವು ಕಿವಿಗೆ ಕಡ್ಡಿ ಹಾಕಿದ ಹಾಗೆ. ಎಲ್‌ಎಸ್‌ಬಿಯಲ್ಲಿ ಕೆಳಗೆ ಕೂತವನ ಕಾಟ ಮೇಲಿನವನಿಗೆ ಹೆಚ್ಚು. 20 ಮೀಟರ್ ಬ್ಯಾಂಡ್‌ಗೆ (14 ಮೆಗಾಹರ್ಟ್ಸ್) ಹೋಗಿ ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್, ಮಾತು ಅಂಕಿಯಿಂದ ಮೇಲಕ್ಕೆ) ಹಾಕಿದರೆ ಇದು ತಿರುವುಮುರುವು, ಅಲ್ಲಿ ಮೇಲೆ ಕೂತವನೇ ಪಾಪಿ. ನಾನು ಇದನ್ನ ಅರ್ಥ ಮಾಡಿಕೊಳ್ಳೋಕೆ ಆರು ವರ್ಷ ತಗೊಂಡೆ, ಆ ಆರು ವರ್ಷದಲ್ಲಿ ಎಷ್ಟು ಜನರ ಶಾಪ ತಿಂದಿದ್ದೀನೋ ಲೆಕ್ಕ ಇಲ್ಲ.

"ಬಳಕೆಯಲ್ಲಿದೆಯಾ" ಅಂತ ನೀವು ಕೇಳಿದ್ದಕ್ಕೆ ಉತ್ತರ ಯಾಕೆ ಬರಲಿಲ್ಲ ಅನ್ನೋದೂ ಇದರಲ್ಲೇ ಇದೆ. ನೀವು ಕೇಳಿದ್ದು 7.148ರಲ್ಲಿ. 7.150ರಲ್ಲಿ ಅದು ಪ್ರಶ್ನೆಯಾಗಿ ಕೇಳಿಸೇ ಇಲ್ಲ, ಕಿರುಚಾಟವಾಗಿ ಕೇಳಿಸಿತು. ಆದ್ದರಿಂದ ಏನಾದರೂ ಗೊಣಗಾಟ ಕಿವಿಗೆ ಬಿದ್ದರೆ ಡಯಲನ್ನ ಮೂರು ಕಿಲೋಹರ್ಟ್ಸ್ ಮೇಲಕ್ಕೂ ಕೆಳಕ್ಕೂ ಒಂದು ಸಲ ಆಡಿಸಿ, ಆ ಗೊಣಗಾಟ ಮಾತಾಗಿ ಬಿಚ್ಚಿಕೊಳ್ಳುತ್ತಾ ನೋಡಿ. ಹತ್ತು ಸೆಕೆಂಡಿನ ಕೆಲಸ.

ಇನ್ನು ಎರಡು ನಿಮಿಷ ಕೇಳಿದ ವಿಷಯ. ಸಂಜೆ ಏಳೂವರೆ ಅಂದಿರಲ್ಲ, ಅದು ಬಹಳ ಮುಖ್ಯ. ಹಗಲು ಹೊತ್ತು 40 ಮೀಟರ್‌ನಲ್ಲಿ ಇನ್ನೂರು ಮುನ್ನೂರು ಕಿಲೋಮೀಟರ್ ದೂರದವರು ಚೆನ್ನಾಗಿ ಕೇಳ್ತಾರೆ. ಕತ್ತಲಾದ ಮೇಲೆ ಅಯಾನುಗೋಳ ತೆಳುವಾಗ್ತಾ ಬರುತ್ತೆ, ನೆಟ್ಟಗೆ ಮೇಲಕ್ಕೆ ಹೋದ ಏಳು ಮೆಗಾಹರ್ಟ್ಸ್ ವಾಪಸ್ ಬರದೆ ತೂರಿಕೊಂಡು ಹೋಗುತ್ತೆ. ಓರೆಯಾಗಿ ಹೋದದ್ದು ಮಾತ್ರ ತಿರುಗಿ ದೂರದಲ್ಲಿ ಬೀಳುತ್ತೆ. ಹಾಗಾಗಿ ಸಾವಿರ ಕಿಲೋಮೀಟರ್ ಆಚೆಯವರು ಗಟ್ಟಿಯಾಗ್ತಾರೆ, ಹತ್ತಿರದವರು ಮಾಯ ಆಗ್ತಾರೆ. ಸ್ಕಿಪ್ ಅನ್ನೋದು ಇದಕ್ಕೇ. ನಿಮ್ಮನ್ನ ಬೈದವರು ದೂರದವರು, ಅದಕ್ಕೇ ಎಸ್9. ಅವರ ಜೊತೆ ಮಾತಾಡ್ತಿದ್ದವರು ನಿಮ್ಮ ಹತ್ತಿರದವರು, ನಿಮ್ಮ ಸ್ಕಿಪ್ ಒಳಗೆ ಸಿಕ್ಕಿಕೊಂಡಿದ್ದಾರೆ. ಗುಡುಗುಡು ಬಂದಾಗ ದೂರದವರು ಮಾತಾಡ್ತಿದ್ದರು, ನಿಂತಾಗ ಹತ್ತಿರದವರು ಮಾತಾಡ್ತಿದ್ದರು. ನೀವು ಕರೆದದ್ದು ಯಾವಾಗ? ಅದು ನಿಂತಾಗ. ದೂರದವರು ಕಿವಿ ಚುರುಕು ಮಾಡಿಕೊಂಡು ಕೇಳ್ತಿದ್ದ ಹೊತ್ತಿಗೆ ಸರಿಯಾಗಿ ಅವರ ತಲೆ ಮೇಲೆ ಕೂತಿರಿ. ಬೇಕೂಂತ ಮಾಡಿದ್ದರೂ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ!

ಅದಕ್ಕೇ ಒಂದು ಸಲ ಕೇಳಿದರೆ ಸಾಲದು. ಕಾಲ್‌ಸೈನ್ ಹೇಳಿ ಕೇಳಿ, ಹತ್ತು ಹದಿನೈದು ಸೆಕೆಂಡ್ ಬಿಡಿ, ಮತ್ತೆ ಕೇಳಿ. ಸಿಡಬ್ಲ್ಯೂನಲ್ಲಾದರೆ (ಮಾರ್ಸ್ ಕೋಡ್) ಕ್ಯೂಆರ್‌ಎಲ್ (ಬಳಕೆಯಲ್ಲಿದೆಯಾ ಅನ್ನೋ ಸಂಕೇತ) ಕಳಿಸಿ ಪ್ರಶ್ನಾರ್ಥಕ ಚಿಹ್ನೆ ಹೊಡೆಯೋದು, ಬಳಕೆಯಲ್ಲಿದ್ದರೆ ಆ ಕಡೆಯಿಂದ ಒಂದು ಸಿ ಬರುತ್ತೆ, ಡಾ ಡಿ ಡಾ ಡಿ. ಅದು ಬಂದರೆ ವಾದ ಬೇಡ, ಎದ್ದು ಹೋಗಿ.

ಫ್ರೀಕ್ವೆನ್ಸಿ ಯಾರ ಸೊತ್ತೂ ಅಲ್ಲ ಅನ್ನೋದು ನಿಜ. ಅವರಿಗೂ ಅಲ್ಲ, ನಿಮಗೂ ಅಲ್ಲ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಸೇರೋ ನೆಟ್‌ಗೂ (ಗುಂಪಿಗೂ) ಅಲ್ಲ, ಅವರು ಹತ್ತು ವರ್ಷದಿಂದ ಅಲ್ಲೇ ಸೇರ್ತಿದ್ದರೂ ಸರಿ. ಮೊದಲು ಮಾತು ಶುರು ಮಾಡಿದವರು ಮುಗಿಸುವವರೆಗೆ ಬಿಡೋದು ಮರ್ಯಾದೆ. ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಲೆಕ್ಕ ಇಲ್ಲಿ ನಡೆಯಲ್ಲ, ಕೂತಿರೋರನ್ನ ಎಬ್ಬಿಸೋದೂ ನಡೆಯಲ್ಲ. ಕೆಲವು ಜಾಗ ಮಾತ್ರ ಖಾಲಿ ಕಂಡರೂ ಮುಟ್ಟಬಾರದು. 14.300, 7.110 ತುರ್ತು ಸಂಪರ್ಕಕ್ಕೆ ಅಂತ ಗೊತ್ತು ಮಾಡಿರೋದು, ಅಲ್ಲಿ ಕೂತು ಹರಟೆ ಹೊಡೀಬೇಡಿ. 14.100 ಅಂತೂ ಕೈ ಮುಗಿದು ಬಿಟ್ಟುಬಿಡಿ.

ಆ 14.100 ಯಾಕೆ ಅಂತ ಹೇಳಿಬಿಡ್ತೀನಿ. ಲೋಕದ ಸುತ್ತ 18 ಜಾಗಗಳ ಬೀಕನ್‌ಗಳು (ತಾವಾಗೇ ಸಿಗ್ನಲ್ ಕಳಿಸೋ ಸ್ಟೇಷನ್‌ಗಳು) ಒಂದೇ ಫ್ರೀಕ್ವೆನ್ಸಿಯನ್ನ ಹಂಚಿಕೊಂಡಿವೆ. ಒಬ್ಬೊಬ್ಬರಿಗೆ ಹತ್ತು ಸೆಕೆಂಡ್, ಮೂರು ನಿಮಿಷಕ್ಕೆ ಒಂದು ಸುತ್ತು. ತಮ್ಮ ಕಾಲ್‌ಸೈನನ್ನ ಮಾರ್ಸ್‌ನಲ್ಲಿ ಹೇಳಿ, ಆಮೇಲೆ ನಾಲ್ಕು ಉದ್ದ ಗೆರೆ: ಮೊದಲನೇದು 100 ವಾಟ್, ಆಮೇಲೆ 10, ಆಮೇಲೆ 1, ಕೊನೇದು 0.1 ವಾಟ್. ಬೆಳಿಗ್ಗೆ ಎದ್ದು ಹೆಡ್‌ಫೋನ್ ಹಾಕಿಕೊಂಡು ಆ ಕೊನೇ ಗೆರೆಗೆ ಕಾಯೋದು ನನಗೊಂದು ಹುಚ್ಚು. ಟಾರ್ಚ್ ಬಲ್ಬಿಗೂ ಸಾಲದಷ್ಟು ಪವರ್, ಸಮುದ್ರ ದಾಟಿ ಬಂದು ಕಿವಿಯಲ್ಲಿ ಎಳೆಯಷ್ಟು ಸದ್ದು ಮಾಡುತ್ತೆ. ಒಂದು ದಿನ ಸರಿಯಾಗಿ ಆ ಕ್ಷಣಕ್ಕೆ ಯಾರೋ ಪುಣ್ಯಾತ್ಮರು ಆಂಟೆನಾ ಟ್ಯೂನ್ ಮಾಡೋಕೆ ಕ್ಯಾರಿಯರ್ (ಮಾತಿಲ್ಲದ ಬರೀ ಸಿಗ್ನಲ್) ಎಳೆದರು. ಅವರಿಗೆ ಅದು ಖಾಲಿ ಜಾಗ.

ಸಿಗ್ನಲ್ ಅಗಲದ ವಿಷಯ ನಾಳೆ ಬರೀತೀನಿ. ಅಲ್ಲಿಯವರೆಗೆ ನಿಮ್ಮ ಮೈಕ್ ಗೇನ್ ಎಷ್ಟಿದೆ, ಕಂಪ್ರೆಸರ್ (ಮೆಲ್ಲನೆ ದನಿಯನ್ನ ಜೋರು ಮಾಡೋದು) ಆನ್ ಇದೆಯಾ, ಮಾತಾಡುವಾಗ ಎಎಲ್‌ಸಿ (ರಿಗ್ಗಿಗೆ ದನಿ ಹೆಚ್ಚಾಯ್ತಾ ಅಂತ ತೋರಿಸೋ) ಮುಳ್ಳು ಎಲ್ಲಿಗೆ ಹೋಗುತ್ತೆ, ಈ ಮೂರನ್ನ ಬರೆದಿಡಿ.


ಹದಿನೈದುಸೆಕೆಂಡ್ ಬರೆದಿದ್ದಾರೆ:

ಹಳೇಕೀ ಗುರುಗಳು ಹೇಳಿದ್ದರಲ್ಲಿ ತಪ್ಪಿಲ್ಲ. ಆದ್ರೆ "ಎಫ್‌ಟಿ8 ಕೀಚಲು" ಅಂದದ್ದಕ್ಕೆ ಉತ್ತರ ಕೊಡದೆ ಇರೋಕಾಗಲ್ಲ.

ಹೊಸಕಿವಿ, ಆ ಕೀಚಲು ನಡೆಯೋದು ಮೂರು ಕಿಲೋಹರ್ಟ್ಸ್ ಒಳಗೆ. ನಿಮ್ಮ ಒಂದು ಮಾತುಕತೆ ತಿನ್ನೋ ಜಾಗ ಅದು. ಎಫ್‌ಟಿ8ನಲ್ಲಿ ಒಬ್ಬರ ಸಿಗ್ನಲ್ 50 ಹರ್ಟ್ಸ್, ಅಷ್ಟೇ ಜಾಗದಲ್ಲಿ ಪಕ್ಕಪಕ್ಕ ಅರವತ್ತು ಜನ ಕೂರಬಹುದು. ಅದೂ ಸರದಿ ಮೇಲೆ: 15 ಸೆಕೆಂಡ್ ಒಬ್ಬರು ಕಳಿಸಿದರೆ ಮುಂದಿನ 15 ಸೆಕೆಂಡ್ ಇನ್ನೊಬ್ಬರು. ಕಳಿಸೋದು 12.64 ಸೆಕೆಂಡ್, ಉಳಿದದ್ದು ಡಿಕೋಡ್ ಮಾಡಿ ಉತ್ತರ ಯೋಚಿಸೋಕೆ. 2017ರಲ್ಲಿ ಇದನ್ನ ಮಾಡಿಕೊಟ್ಟ ಇಬ್ಬರಲ್ಲಿ ಒಬ್ಬರು ಜೋ ಟೇಲರ್, ಪಲ್ಸಾರ್ ಕೆಲಸಕ್ಕೆ 1993ರಲ್ಲಿ ಫಿಸಿಕ್ಸ್ ನೊಬೆಲ್ ಹಂಚಿಕೊಂಡವರು. ನಾಯ್ಸ್‌ಗಿಂತ 20 ಡೆಸಿಬಲ್ ಕೆಳಗಿರೋ ಸಿಗ್ನಲನ್ನೂ ಎತ್ತುತ್ತೆ. ನನ್ನ ಆಂಟೆನಾ ಕಿಟಕಿ ಪಕ್ಕದಲ್ಲಿ ಇಳಿಬಿಟ್ಟ ತಂತಿ. ಅದರಲ್ಲಿ ಎಸ್‌ಎಸ್‌ಬಿ (ಎಲ್‌ಎಸ್‌ಬಿ, ಯುಎಸ್‌ಬಿ ಎರಡರ ಒಟ್ಟು ಹೆಸರು) ಕರೆದು ಕರೆದು ಗಂಟಲು ಒಣಗಿತ್ತು. ಎಫ್‌ಟಿ8 ಬಂದಮೇಲೆ ಐದು ಖಂಡ ಆಯ್ತು.

ನಮ್ಮಲ್ಲೂ ಕೊಳಕರಿದ್ದಾರೆ, ಒಪ್ಪಿಕೊಳ್ತೀನಿ. ಕಂಪ್ಯೂಟರ್ ಆಡಿಯೋ ಜಾಸ್ತಿ ಕೊಟ್ಟು 600 ಹರ್ಟ್ಸ್‌ನಲ್ಲಿ ಕಳಿಸಿದ್ದು 1200ರಲ್ಲೂ 1800ರಲ್ಲೂ ನೆರಳು ಬಿಡುತ್ತೆ. ವಾಟರ್‌ಫಾಲ್ (ಸಿಗ್ನಲ್‌ಗಳನ್ನ ಪಟ್ಟಿಯಾಗಿ ತೋರಿಸೋ ಪರದೆ) ನೋಡಿದರೆ ಒಬ್ಬರೇ ಮೂರು ಕಡೆ ಕೂತಿರ್ತಾರೆ. ಅದಕ್ಕೇ ಆಡಿಯೋ 1500ರ ಮೇಲೆ ಇಟ್ಟುಕೊಳ್ಳಿ ಅನ್ನೋದು, ಅದರ ದುಪ್ಪಟ್ಟು ರಿಗ್ಗಿನ ಫಿಲ್ಟರ್‌ನಿಂದ ಆಚೆ ಬೀಳುತ್ತೆ. ಸಿಕ್ಯೂ ಕರೆದವನ ಜಾಗದಲ್ಲೇ ಹೋಗಿ ಬೀಳದೆ ಖಾಲಿ ಸಂದು ಹುಡುಕಿ ಅಲ್ಲಿಂದ ಉತ್ತರ ಕೊಡಿ, ಅವನ ಸಾಫ್ಟ್‌ವೇರ್ ಇಡೀ ಮೂರು ಕಿಲೋಹರ್ಟ್ಸ್ ಒಟ್ಟಿಗೆ ಕೇಳ್ತಿರುತ್ತೆ.


ಹಳೇಕೀ ಬರೆದಿದ್ದಾರೆ:

ಹದಿನೈದುಸೆಕೆಂಡ್ ಅವರೇ, ನಿಮ್ಮ ಲೆಕ್ಕ ಸರಿ. ಅರವತ್ತು ಜನ ಒಂದು ಬೆಂಚಿನಲ್ಲಿ ಕೂತಿದ್ದಾರೆ, ಒಬ್ಬರಿಗೊಬ್ಬರು ಮಾತಾಡ್ತಿಲ್ಲ ಅಷ್ಟೇ! ತಮಾಷೆಗೆ ಹೇಳಿದೆ, ಬೇಜಾರಾಗಬೇಡಿ. ನನ್ನ ಲಾಗ್‌ನಲ್ಲೂ ಎಫ್‌ಟಿ8 ಇದೆ, ಹೆಚ್ಚು ಜನರಿಗೆ ಹೇಳಿಲ್ಲ.

ಇನ್ನು "ಜಾಗ ಎಲ್ಲಿದೆ" ಅನ್ನೋ ಪ್ರಶ್ನೆ. 2009ರ ಮಾರ್ಚ್ 29ಕ್ಕೆ ಮೊದಲು ಐಟಿಯುನ (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಒಂದನೇ ಮತ್ತು ಮೂರನೇ ವಲಯದವರಿಗೆ 40 ಮೀಟರ್ ಅಂದ್ರೆ 7.000ದಿಂದ 7.100, ನೂರೇ ನೂರು ಕಿಲೋಹರ್ಟ್ಸ್. ಅದರ ಮೇಲೆ ರಾತ್ರಿಯಾದರೆ ಬ್ರಾಡ್‌ಕಾಸ್ಟ್ ಸ್ಟೇಷನ್‌ಗಳ ಗೋಡೆ. ಸಿಡಬ್ಲ್ಯೂ, ಮಾತು, ಡಿಜಿಟಲ್ ಎಲ್ಲಾ ಆ ನೂರರೊಳಗೆ. 2003ರ ಸಮ್ಮೇಳನದಲ್ಲಿ ತೀರ್ಮಾನವಾಗಿ ಆರು ವರ್ಷದ ಮೇಲೆ 7.200ರವರೆಗೆ ಖಾಲಿ ಮಾಡಿಕೊಟ್ಟರು. ಆ ದಿನ 7.150ಕ್ಕೆ ಡಯಲ್ ತಿರುಗಿಸಿ, ನಾಯ್ಸ್ ಬಿಟ್ಟು ಏನೂ ಕೇಳದೆ ಇದ್ದದ್ದನ್ನ ಸಂಗೀತ ಕೇಳಿದ ಹಾಗೆ ಕೇಳಿದ್ದೀನಿ. ನೀವು ಬೈಸಿಕೊಂಡದ್ದೂ ಅದೇ ನೆಲದಲ್ಲಿ.

ಆದರೂ ಲೆಕ್ಕ ಹಾಕಿ: 7.125ರಿಂದ 7.200ರವರೆಗೆ 75 ಕಿಲೋಹರ್ಟ್ಸ್, ಮೂರು ಮೂರರಂತೆ ಹಂಚಿದರೆ 25 ಮಾತುಕತೆ. ಖಂಡದ ಅರ್ಧ ಜನ ಸಂಜೆ ಅಲ್ಲಿಗೇ ಬರ್ತಾರೆ. 10 ಮೀಟರ್ ನೋಡಿ, 28.000ದಿಂದ 29.700, 40 ಮೀಟರ್‌ನ ಎಂಟೂವರೆ ಪಟ್ಟು. ಸೂರ್ಯನ ಕಲೆಗಳು ಜೋರಾಗಿರೋ ವರ್ಷಗಳಲ್ಲಿ ಹಗಲು ಹೊತ್ತು ಅಲ್ಲಿ ಐದು ವಾಟ್‌ನಲ್ಲಿ ಲೋಕ ಸುತ್ತಬಹುದು, ಆದರೂ ಅಲ್ಲಿ ಕೇಳೋರು ಕಮ್ಮಿ. ಎಲ್ಲರೂ ಸುಮ್ಮನೆ ಕೇಳ್ತಾ ಕೂತು ಬ್ಯಾಂಡ್ ಸತ್ತಿದೆ ಅಂದುಕೊಂಡು ಎದ್ದು ಹೋಗ್ತಾರೆ. ಕಾಂಟೆಸ್ಟ್ ಬೇಡ ಅನ್ನಿಸಿದ ಶನಿವಾರ 17 ಮೀಟರ್‌ಗೆ ಹೋಗಿ, 18.068ರಿಂದ 18.168. 1979ರಲ್ಲಿ ಸಿಕ್ಕ ಆ ಮೂರು ಬ್ಯಾಂಡ್‌ಗಳಲ್ಲಿ, ಅಂದ್ರೆ 30, 17, 12 ಮೀಟರ್‌ನಲ್ಲಿ, ಕಾಂಟೆಸ್ಟ್ ಮಾಡಬಾರದು ಅನ್ನೋ ಒಪ್ಪಂದ ಇವತ್ತಿಗೂ ನಡೀತಿದೆ. 30 ಮೀಟರ್ ಮಾತ್ರ ಒಟ್ಟು 50 ಕಿಲೋಹರ್ಟ್ಸ್, ಅಲ್ಲಿ ಮೈಕ್ ಹಿಡಿದು ಹೋಗಬೇಡಿ, ಕೀ ಅಥವಾ ಕಂಪ್ಯೂಟರ್ ಅಷ್ಟೇ.

ಈಗ ಅಗಲ. ಎಸ್‌ಎಸ್‌ಬಿ ಮಾತು ಮೂರು ಕಿಲೋಹರ್ಟ್ಸ್ ದಾಟಬಾರದು. ಮೈಕ್ ಗೇನ್ ಏರಿಸಿ, ಮೇಲೆ ಕಂಪ್ರೆಸರ್ ಹಾಕಿ, ಎಎಲ್‌ಸಿ ಮುಳ್ಳು ಗುರುತು ದಾಟಿ ಅಂಟಿಕೊಂಡಿದ್ದರೆ ಫೈನಲ್ ಟ್ರಾನ್ಸಿಸ್ಟರ್‌ಗಳು ಮಾತನ್ನ ಕತ್ತರಿಸ್ತವೆ, ಕತ್ತರಿಸಿದ ಚೂರುಗಳು ಎರಡೂ ಪಕ್ಕಕ್ಕೆ ಸಿಡೀತವೆ. ನಿಮಗೆ ಗೊತ್ತೇ ಆಗಲ್ಲ, ವಾಟ್ ಮೀಟರ್ ಚೆನ್ನಾಗಿ ಕುಣೀತಿರುತ್ತೆ. ಪವರ್ ಜಾಸ್ತಿ ಆಯ್ತು ಅಂತ ಖುಷಿಯೂ ಆಗುತ್ತೆ. ಪವರನ್ನ ಕಾಲು ಭಾಗಕ್ಕೆ ಇಳಿಸಿದರೂ ಎದುರಿನವರ ಮೀಟರ್ ಒಂದೇ ಎಸ್ ಯೂನಿಟ್ ಇಳಿಯೋದು, ಅಷ್ಟಕ್ಕೆ ಇಷ್ಟು ಕೊಳಕು ಬೇಕಾ?

ಒಂದು ಮಾತು ನಿಮ್ಮ ಪರವಾಗಿ. ಅಗಲ ಇದ್ದದ್ದು ಬೈದವರ ರಿಸೀವರ್‌ನಲ್ಲೇ ಇರಬಹುದು. ಬಲವಾದ ಸಿಗ್ನಲ್ ಬಂದಾಗ ರಿಸೀವರಿನ ಮುಂಭಾಗವೇ ಉಸಿರುಕಟ್ಟಿ ಇಲ್ಲದ ಸಿಡಿತ ತೋರಿಸುತ್ತೆ. ಅವರು 10 ಡೆಸಿಬಲ್ ಅಟೆನ್ಯುಯೇಟರ್ (ಸಿಗ್ನಲ್ ಕುಗ್ಗಿಸೋದು) ಹಾಕಿದಾಗ ಸಿಗ್ನಲ್ ಹತ್ತೇ ಇಳಿದು ಸಿಡಿತ ಮೂವತ್ತು ಇಳಿದರೆ ತಪ್ಪು ಅವರ ಪೆಟ್ಟಿಗೆಯದು. ಎರಡೂ ಸಮಸಮ ಇಳಿದರೆ ನಿಮ್ಮದು. ಇದನ್ನ ಮಾಡಿ ನೋಡಿ ಆಮೇಲೆ ಬೈಯೋರನ್ನ ನಾನಿನ್ನೂ ಕಂಡಿಲ್ಲ.

ಯಾರನ್ನೂ ಕೇಳದೆ ನೀವೇ ಪರೀಕ್ಷೆ ಮಾಡಬೇಕೆಂದರೆ ದೂರದ ಯಾವುದಾದರೂ ವೆಬ್‌ಎಸ್‌ಡಿಆರ್ (ಇಂಟರ್ನೆಟ್‌ನಲ್ಲಿ ಕೇಳೋ ರಿಸೀವರ್) ತೆರೆಯಿರಿ. ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ್ದು ಹೆಸರುವಾಸಿ, ನಿಮ್ಮ ಸಿಗ್ನಲ್ ಅಲ್ಲಿಗೆ ಮುಟ್ಟೋ ಹೊತ್ತು ನೋಡಿಕೊಳ್ಳಿ. ಮಾತಾಡಿ, ವಾಟರ್‌ಫಾಲ್‌ನಲ್ಲಿ ನಿಮ್ಮ ಪಟ್ಟಿಯ ಅಗಲ ಅಳೆಯಿರಿ.


ಅಪ್‌ಫೈವ್ ಬರೆದಿದ್ದಾರೆ:

ಬೈಗುಳ ತಿಂದವರ ಸಂಘಕ್ಕೆ ಸ್ವಾಗತ, ಹೊಸಕಿವಿ. ನನ್ನದು ಕೇಳಿ. ಒಂದು ಅಪರೂಪದ ದ್ವೀಪದ ಸ್ಟೇಷನ್ 14.023ರಲ್ಲಿ ಸಿಡಬ್ಲ್ಯೂ ಕಳಿಸ್ತಿತ್ತು, ಕೇಳೋದು ಒಂದರಿಂದ ಮೂರು ಕಿಲೋಹರ್ಟ್ಸ್ ಮೇಲೆ. ಸ್ಪ್ಲಿಟ್ ಅಂತೀವಲ್ಲ ಅದು. ಕರೆಯೋರ ಜಂಗುಳಿ ಒಂದು ಕಡೆ, ಉತ್ತರ ಇನ್ನೊಂದು ಕಡೆ, ಹಾಗಿದ್ದರೆ ದ್ವೀಪದವನು ಏನು ಹೇಳಿದ ಅಂತ ಎಲ್ಲರಿಗೂ ಕೇಳುತ್ತೆ. ನಾನು ಸ್ಪ್ಲಿಟ್ ಬಟನ್ ಒತ್ತೋದು ಮರೆತು ನೇರ ಅವನ ತಲೆ ಮೇಲೇ ಮೂರು ಸಲ ಕಾಲ್‌ಸೈನ್ ಹೊಡೆದೆ. ಆರೇಳು ಸೆಕೆಂಡ್ ಆಗಿರಬಹುದು. ಆಮೇಲೆ "ಅಪ್ ಅಪ್ ಅಪ್" (ಮೇಲಕ್ಕೆ ಹೋಗು) ಅಂತ ಬ್ಯಾಂಡಿನ ಸ್ವಯಂಘೋಷಿತ ಪೊಲೀಸರು ಬಂದರು. ಒಬ್ಬರಲ್ಲ, ಏಳೆಂಟು ಜನ. ನನ್ನ ಕ್ಯೂಆರ್‌ಎಂ (ಅಡಚಣೆ) ಆರು ಸೆಕೆಂಡ್, ಅವರದು ಒಂದೂವರೆ ನಿಮಿಷ. ದ್ವೀಪದವನು ಅಷ್ಟರಲ್ಲಿ ಮೂರು ಜನಕ್ಕೆ ರಿಪೋರ್ಟ್ ಕೊಟ್ಟ, ಆ ಮೂವರಲ್ಲಿ ಯಾರಿಗೂ ಕೇಳಿಸಿರಲಿಕ್ಕಿಲ್ಲ.

ಅಲ್ಲಿಂದ ಸ್ಪ್ಲಿಟ್ ಲೈಟಿನ ಪಕ್ಕ ಕೆಂಪು ಟೇಪ್ ಅಂಟಿಸಿದ್ದೀನಿ. ಯಾರಾದರೂ ತಪ್ಪು ಮಾಡಿದರೆ ಬಾಯಿ ಬಿಡಲ್ಲ, ಎಲ್ಲರಿಗೂ ಒಂದು ದಿನ ಆ ಬಟನ್ ಮರೆತೇ ಹೋಗುತ್ತೆ.

ಅಂದ ಹಾಗೆ ಹ್ಯಾಮ್‌ಗಳು ಬಳಸೋ ಕ್ಯೂಓ-100 ಉಪಗ್ರಹದ ಮೂಲಕ ಮಾತಾಡುವಾಗ ಬೈಯೋ ಕೆಲಸಕ್ಕೆ ಯಂತ್ರವೇ ಇದೆ. ಟ್ರಾನ್ಸ್‌ಪಾಂಡರಿನ (ಸಿಗ್ನಲ್ ಹಿಡಿದು ಮತ್ತೆ ಕಳಿಸೋ ಪೆಟ್ಟಿಗೆ) ಪವರ್ ಎಲ್ಲರೂ ಹಂಚಿಕೊಳ್ಳಬೇಕು. ಯಾರಾದರೂ ಬೀಕನ್‌ಗಿಂತ ಜೋರಾಗಿ ಕಿರುಚಿದರೆ ಅವರ ಸಿಗ್ನಲ್ ಮೇಲೇ ಸೈರನ್ ಕೂಗಿಸುತ್ತೆ. ಬೈಯೋರು ಬೇಕಾಗಿಲ್ಲ.


ಐದುವಾಟ್ ಬರೆದಿದ್ದಾರೆ:

ಒಂದೇ ಕೋರಿಕೆ. 14.060, 7.030ರಲ್ಲಿ ನಮ್ಮಂಥ ಕ್ಯೂಆರ್‌ಪಿಯವರು (ಕಮ್ಮಿ ಪವರ್‌ನವರು) ಸಿಡಬ್ಲ್ಯೂನಲ್ಲಿ ಕೂಗ್ತಿರ್ತೀವಿ. ಪಿಸುಮಾತು ಅಂದುಕೊಳ್ಳಿ. ಟ್ಯೂನರ್ ಬಟನ್ ಒತ್ತೋ ಮೊದಲು ಪವರ್ ಇಳಿಸಿ, ಆಚೀಚೆ ಸರಿದು ಒತ್ತಿ. ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗೋದು) ಇದ್ದರೆ ಇನ್ನೂ ಒಳ್ಳೇದು.


ಹೊಸಕಿವಿ ಬರೆದಿದ್ದಾರೆ:

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಇದೇ ಕೆಲಸ ಮಾಡಿದೆ.

ಹಳೇಕೀ ಸರ್ ಕೇಳಿದ ಮೂರು: ಮೈಕ್ ಗೇನ್ ನೂರಕ್ಕೆ 70, ಕಂಪ್ರೆಸರ್ ಆನ್, ಎಎಲ್‌ಸಿ ಮುಳ್ಳು ಗುರುತು ದಾಟಿ ಆ ತುದಿಗೆ ಒರಗಿಕೊಂಡಿತ್ತು. ರಿಗ್ಗಿನ ಹಿಂದಿನ ಯಜಮಾನರು ಹಾಗೆ ಇಟ್ಟಿದ್ದರು, ನಾನು ಮುಟ್ಟಿರಲೇ ಇಲ್ಲ. ವೆಬ್‌ಎಸ್‌ಡಿಆರ್‌ನಲ್ಲಿ ನೋಡಿದೆ. ನಾನು "ಹಲೋ" ಅಂದಾಗಲೆಲ್ಲ ಪಟ್ಟಿಯ ಎರಡೂ ಕಡೆ ಮೀನಿನ ಮುಳ್ಳಿನ ಥರ ಗೆರೆಗಳು. ಅಳತೆ ಐದೂವರೆ ಕಿಲೋಹರ್ಟ್ಸ್. ಬೈದವರು ಅರ್ಧ ಕಿಲೋಹರ್ಟ್ಸ್ ಕಮ್ಮಿಯೇ ಹೇಳಿದ್ದರು! ಕಂಪ್ರೆಸರ್ ಆಫ್ ಮಾಡಿ ಗೇನ್ 35ಕ್ಕೆ ಇಳಿಸಿದೆ. ಮುಳ್ಳುಗಳು ಹೋಗಿ ಪಟ್ಟಿ ಎರಡೂವರೆಗೆ ಬಂತು. ನನ್ನ ದನಿ ನಾನೇ ಅಷ್ಟು ದೂರದಿಂದ ಕೇಳಿದ್ದು ಮೊದಲ ಸಲ, ಸ್ವಲ್ಪ ನಾಚಿಕೆ ಆಯ್ತು.

ನಿನ್ನೆ 7.161ರಲ್ಲಿ ಕಾಲ್‌ಸೈನ್ ಹೇಳಿ ಕೇಳಿದೆ. ಏನೂ ಇಲ್ಲ. ಹದಿನೈದು ಸೆಕೆಂಡ್ ಎಣಿಸಿ ಮತ್ತೆ ಕೇಳಿದೆ. ನಾಯ್ಸ್ ಒಳಗಿಂದ ಎಳೆಯಷ್ಟು ದನಿ: "ಹೌದು, ಇದ್ದೀವಿ, ನಾಲ್ಕು ಕೆಳಗೆ ಹೋಗಿ ದಯವಿಟ್ಟು." ಮೊದಲ ಸಲ ಕೇಳಿ ಸಿಕ್ಯೂ ಕರೆದಿದ್ದರೆ ಮತ್ತೆ ಅದೇ ಕಥೆ ಆಗ್ತಿತ್ತು. 7.157ಕ್ಕೆ ಇಳಿದು ಮೂವರ ಜೊತೆ ಮಾತಾಡಿದೆ.

ಆಮೇಲೆ 7.150ರ ಕಡೆ ಹೋದೆ. ಅದೇ ದನಿ! ಎರಡು ಮಾತಿನ ನಡುವೆ ಕಾಲ್‌ಸೈನ್ ಹೇಳಿ ಒಳಗೆ ಹೋದೆ. ಬಯ್ತಾರೇನೋ ಅಂತಿದ್ದೆ, "ಬನ್ನಿ ಬನ್ನಿ ಓಎಂ" ಅಂದರು. ಇಪ್ಪತ್ತು ನಿಮಿಷ ಆಂಟೆನಾ ಬಗ್ಗೆ ಮಾತಾಡಿದರು. ಅವತ್ತಿನದು ಅವರಿಗೆ ನೆನಪೇ ಇಲ್ಲ, ನಾನೂ ಎತ್ತಲಿಲ್ಲ.

ಈಗ ಒಂದು ಹೊಸ ಸಮಸ್ಯೆ. ಡಯಲ್ 7.150ರಲ್ಲಿ ಇಟ್ಟರೆ ಅವರ ದನಿ ಕೀರಲು, 7.1498ಕ್ಕೆ ಇಳಿಸಿದರೆ ಸರಿಯಾಗುತ್ತೆ. ತಪ್ಪು ನನ್ನ ರಿಗ್ಗಿನದಾ ಅಂತ 10 ಮೆಗಾಹರ್ಟ್ಸ್‌ನ ಟೈಮ್ ಸಿಗ್ನಲ್ ಮೇಲೆ ಇಟ್ಟು ನೋಡಿದೆ, ನಂದು ಸರಿಯಾಗಿದೆ. ಅಂದ್ರೆ ಅವರು 200 ಹರ್ಟ್ಸ್ ಕೆಳಗಿದ್ದಾರೆ, ಅವರಿಗೆ ಗೊತ್ತಿಲ್ಲ. ಹೇಳೋದಾ ಬಿಡೋದಾ? ನಾಲ್ಕು ತಿಂಗಳ ಲೈಸೆನ್ಸ್ ಇಟ್ಟುಕೊಂಡು ಅಂಥವರಿಗೆ ಹೇಗೆ ಹೇಳಲಿ?


ಹಳೇಕೀ ಬರೆದಿದ್ದಾರೆ:

ಹೇಳಿ. ಎಲ್ಲರೂ 59, 59 (ಸಿಗ್ನಲ್ ಚೆನ್ನಾಗಿದೆ) ಅಂತ ಹಂಚಿಕೊಂಡು ಹೋಗ್ತಾರೆ, ಅದಕ್ಕೇ ಇಷ್ಟು ದಿನ ಅವರಿಗೆ ಗೊತ್ತಾಗಿಲ್ಲ. ಆದರೆ ಮೂರನೆಯವರು ಕೇಳ್ತಿರುವಾಗ ಬೇಡ, ಅವರೊಬ್ಬರೇ ಸಿಕ್ಕಾಗ. "ನನ್ನ ರಿಗ್ಗಿನದೇ ತಪ್ಪಿರಬಹುದು, ಒಂದು ಸಲ ನೋಡ್ತೀರಾ" ಅಂತ ಶುರು ಮಾಡಿ. ನಿಮ್ಮದು ತಪ್ಪಿಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು, ಆದರೂ ಹಾಗೇ ಹೇಳಿ.


ಹೊಸಕಿವಿ ಬರೆದಿದ್ದಾರೆ:

ಸರಿ ಸರ್. ಇವತ್ತು ಏಳೂವರೆಗೆ.